ಕಿವಿಯ ಉಪವಾಸ



ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸವನ್ನು ಕೈಕೊಳ್ಳುವ ಶ್ರಾವಕ ಶ್ರಾವಿಕೆಯರು ನಮ್ಮ ಸಮಾಜದಲ್ಲಿ ಇಂದಿಗೂ ಇದ್ದಾರೆ. ಹಿಂದಿನ ದಿನ ಏಕಭುಕ್ತ, ಪರ್ವದಿನದಂದು ನಿರಾಹಾರ, ಮರುದಿನ ಮತ್ತೆ ಏಕಭುಕ್ತ ಎಂಬ ಕ್ರಮವನ್ನು ಅವರು ನಿಷ್ಠೆಯಿಂದ ಪಾಲಿಸುತ್ತಾರೆ. ಎಷ್ಟು ಹೊತ್ತಿಗೆ ನೀರನ್ನು ಬಿಟ್ಟೆವು, ಪಾರಣೆ ಯಾವ ವೇಳೆಗೆ ಆಯಿತು ಎಂಬ ಲೆಕ್ಕ ತಪ್ಪುವುದಿಲ್ಲ. ಆದರೆ ಆ ದಿನ ನಮ್ಮ ಕಿವಿ ಏನನ್ನು ಉಂಡಿತು ಎಂಬ ಲೆಕ್ಕವನ್ನಿಡುವವರು ವಿರಳ.

ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಉಪವಾಸವೆಂಬ ಶಬ್ದವನ್ನು ವಿವರಿಸುವಾಗ ಮೊದಲಿಗೇ ಅನ್ನದ ಮಾತನ್ನೆತ್ತುವುದಿಲ್ಲ. ಶಬ್ದವೇ ಮೊದಲಾದ ವಿಷಯಗಳನ್ನು ಗ್ರಹಿಸುವ ಔತ್ಸುಕ್ಯವನ್ನು ತೊರೆದು ಐದು ಇಂದ್ರಿಯಗಳೂ ಹಿಂತಿರುಗಿ ನೆಲೆಸುವುದು ಉಪವಾಸವೆಂದು ಹೇಳಿ, ಚತುರ್ವಿಧಾಹಾರ ತ್ಯಾಗವೆಂಬ ಅರ್ಥವನ್ನು ಆಮೇಲೆ ತಿಳಿಸುತ್ತಾರೆ. ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ವಿಷಯಗಳಲ್ಲಿ ಮೊದಲು ಹೆಸರಿಸಿದ್ದು ಶಬ್ದವನ್ನು, ರಸವನ್ನಲ್ಲ. ಬಿಡಬೇಕೆಂದು ಹೇಳಿದ್ದು ಔತ್ಸುಕ್ಯವನ್ನು, ಕಿವಿಗೆ ಬೀಳುವುದನ್ನಲ್ಲ.

ಈ ವ್ಯಾಖ್ಯೆಯನ್ನು ನಾನು ನಮ್ಮೂರ ಬಸದಿಯ ಪಾಠಶಾಲೆಯಲ್ಲಿ ಬಹುಕಾಲ ಹೇಳಿಕೊಟ್ಟಿದ್ದೇನೆ. ಮಕ್ಕಳಿಂದ ಒಪ್ಪಿಸಿಕೊಂಡಿದ್ದೇನೆ. ಆದರೆ ಅದು ನನಗೆ ತಿಳಿದದ್ದು ಬೆಂಗಳೂರಿನ ಒಂದು ಬಹುಮಹಡಿ ಕಟ್ಟಡದ ಮೂರನೆಯ ಅಂತಸ್ತಿನಲ್ಲಿ, ನನ್ನ ಅರವತ್ತು ವರ್ಷಗಳು ಕಳೆದ ಮೇಲೆ. ಆ ಸಂಗತಿಯನ್ನು ಮುಚ್ಚಿಡದೆ ಈ ಪುಟಗಳಲ್ಲಿ ಆಲೋಚನೆಯ ರೂಪದಲ್ಲಿ ಒಪ್ಪಿಸುತ್ತಿದ್ದೇನೆ.

ನನ್ನ ಊರು ಧಾರವಾಡ ಸೀಮೆಯ ಒಂದು ಹಳ್ಳಿ. ಅಲ್ಲಿಯ ನಮ್ಮ ಮನೆಯದು ಒಂದೂವರೆ ಮೊಳ ದಪ್ಪದ ಮಣ್ಣಿನ ಗೋಡೆ. ನೆರೆಯವರ ಕಷ್ಟಸುಖ ತಿಳಿಯುತ್ತಿದ್ದುದು ಕಟ್ಟೆಯ ಮೇಲೆ ಕುಳಿತಾಗ, ಬಾವಿಯ ಬಳಿ ನಿಂತಾಗ. ಅವರಾಗಿ ಹೇಳಿದರೆ ಉಂಟು, ಹೇಳದಿದ್ದರೆ ಇಲ್ಲ. ನಿವೃತ್ತನಾದ ಮೇಲೆ ಮಗನೊಡನೆ ಇರಲು ಪತ್ನೀಸಮೇತನಾಗಿ ಬೆಂಗಳೂರಿಗೆ ಬಂದೆ. ಇಲ್ಲಿ ಎರಡು ಸಂಸಾರಗಳ ನಡುವೆ ಇರುವುದು ಗೇಣಿಗೂ ಕಡಿಮೆ ದಪ್ಪದ ಒಂದೇ ಗೋಡೆ. ಪಕ್ಕದವರು ನಲ್ಲಿ ತಿರುಗಿಸಿದರೆ, ಮಿಕ್ಸಿ ಹಾಕಿದರೆ, ದೂರವಾಣಿಯಲ್ಲಿ ಮಾತನಾಡಿದರೆ ನಮಗೆ ಕೇಳಿಸುತ್ತದೆ. ಮೇಲಿನವರು ಕುರ್ಚಿ ಎಳೆದರೆ ನಮ್ಮ ಸೂರಿನಲ್ಲಿ ಎಳೆದಂತಾಗುತ್ತದೆ. ಇಲ್ಲಿಯ ವೈಚಿತ್ರ್ಯವೇನೆಂದರೆ, ಪಕ್ಕದವರ ಹೆಸರು ನಮಗೆ ತಿಳಿಯದು, ಆದರೆ ಅವರು ರಾತ್ರಿ ಎಷ್ಟು ಹೊತ್ತಿಗೆ ಜಗಳವಾಡಿದರೆಂಬುದು ತಿಳಿದಿರುತ್ತದೆ.

ಗೋಡೆ ಇದ್ದೂ ಶಬ್ದ ಹೇಗೆ ದಾಟುತ್ತದೆ ಎಂಬುದಕ್ಕೆ ನಮ್ಮ ಸಿದ್ಧಾಂತದಲ್ಲಿ ಉತ್ತರವಿದೆ. ನ್ಯಾಯ ವೈಶೇಷಿಕರು ಶಬ್ದವನ್ನು ಆಕಾಶದ ಗುಣವೆಂದರು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಅದನ್ನು ಪುದ್ಗಲದ ಪರ್ಯಾಯಗಳಲ್ಲಿ ಎಣಿಸಿದರು. ನೆರಳು, ಬೆಳಕು, ಕತ್ತಲೆಗಳಂತೆ ಶಬ್ದವೂ ಮೂರ್ತವಾದದ್ದು. ಆದುದರಿಂದಲೇ ಅದು ತಾಗುತ್ತದೆ, ತಡೆಯಲ್ಪಡುತ್ತದೆ, ಸಂದು ಸಿಕ್ಕಿದಲ್ಲಿ ನುಸುಳುತ್ತದೆ. ಇಂದಿನ ಭೌತವಿಜ್ಞಾನವೂ ಶಬ್ದವು ದ್ರವ್ಯದ ಕಂಪನದಿಂದ ಸಾಗುತ್ತದೆಂದು ಹೇಳುತ್ತದೆ. ಭಾರವಾದ ಗೋಡೆ ಸುಲಭವಾಗಿ ಕಂಪಿಸದು, ಅದು ಶಬ್ದವನ್ನು ಹೆಚ್ಚು ತಡೆಯುತ್ತದೆ. ಹಗುರವಾದ ಟೊಳ್ಳು ಇಟ್ಟಿಗೆಯ ತೆಳು ಗೋಡೆ ಅಷ್ಟು ತಡೆಯದು. ಗೋಡೆ ಗಟ್ಟಿಯಿದ್ದರೂ ಬಾಗಿಲ ಕೆಳಗಿನ ಸಂದು, ಸ್ನಾನಗೃಹದ ಗಾಳಿಕಿಂಡಿ, ಕೊಳವೆಗಳನ್ನು ಇಳಿಬಿಟ್ಟ ಓಣಿ, ಇವುಗಳ ಮೂಲಕ ಮಾತು ಮನೆಯಿಂದ ಮನೆಗೆ ಹೋಗುತ್ತದೆ. ಕಾಲಿನ ಸಪ್ಪಳ, ಕುರ್ಚಿಯ ಎಳೆತಗಳಾದರೋ ಕಾಂಕ್ರೀಟಿನ ತಾರಸಿಯನ್ನೇ ನೇರವಾಗಿ ನಡುಗಿಸಿ ಕೆಳಗಿಳಿಯುತ್ತವೆ.

ಶಾಸ್ತ್ರಕಾರರು ಶಬ್ದವನ್ನು ಭಾಷಾತ್ಮಕ, ಅಭಾಷಾತ್ಮಕ ಎಂದು ಎರಡಾಗಿ ವಿಂಗಡಿಸಿದ್ದಾರೆ. ಮಿಕ್ಸಿಯ ಸದ್ದು ಅಭಾಷಾತ್ಮಕ. ಅದು ಕಿವಿಯನ್ನು ಬಾಧಿಸಿ ಅಲ್ಲಿಗೇ ಮುಗಿಯುತ್ತದೆ. ಭಾಷಾತ್ಮಕ ಶಬ್ದವು ಕಿವಿಯಲ್ಲಿ ನಿಲ್ಲುವುದಿಲ್ಲ, ಮನಸ್ಸನ್ನು ಹೊಗುತ್ತದೆ. ನನ್ನ ಪತನ ಆದದ್ದು ಈ ಎರಡನೆಯದರಿಂದ.

2023ರ ದಶಲಕ್ಷಣ ಪರ್ವ. ತತ್ತ್ವಾರ್ಥಸೂತ್ರದ ಕ್ರಮದಂತೆ ಐದನೆಯ ದಿನ ಉತ್ತಮ ಸತ್ಯ. ಅಂದು ನಾನು ಉಪವಾಸದಲ್ಲಿದ್ದೆ. ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಗೋಡೆಯ ಪಕ್ಕದ ನನ್ನ ಮಂಚದ ಮೇಲೆ ಕುಳಿತು ಸ್ವಾಧ್ಯಾಯ ಮಾಡುತ್ತಿದ್ದೆ. ಪಕ್ಕದ ಮನೆಯಲ್ಲಿ ಒಂದು ಎಳೆಯ ದಂಪತಿಯ ವಾಸ. ಅವರು ಜೈನರಲ್ಲ. ಬಾಡಿಗೆಗೆ ಬಂದವರು. ಆ ಹೆಣ್ಣುಮಗಳು ಯಾರೊಡನೆಯೋ ದೂರವಾಣಿಯಲ್ಲಿ ಮಾತನಾಡುತ್ತಿದ್ದಳು. ಗಂಡನ ಕೆಲಸ ಹೋಗಿ ಮೂರು ತಿಂಗಳಾಯಿತು ಎಂಬ ಒಂದು ಮಾತು ನನ್ನ ಕಿವಿಗೆ ಬಿತ್ತು. ಆ ಮಾತನ್ನು ನಾನು ಹುಡುಕಿಕೊಂಡು ಹೋಗಿರಲಿಲ್ಲ. ಅದು ತಾನಾಗಿ ಬಂದಿತ್ತು.

ಆಗ ನಾನೇನು ಮಾಡಿದೆನೆಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ಎದ್ದುಹೋಗಿ ಫ್ಯಾನನ್ನು ನಿಲ್ಲಿಸಿದೆ. ಗ್ರಂಥವು ತೊಡೆಯ ಮೇಲೆ ತೆರೆದೇ ಇತ್ತು. ಮುಂದಿನ ಮಾತುಗಳೆಲ್ಲ ಸ್ಪಷ್ಟವಾಗಿ ಕೇಳಿಸಿದವು. ಆಕೆಯ ತಂದೆಗೆ ಹೃದಯದ ಚಿಕಿತ್ಸೆ ಆಗಿತ್ತು, ಅವರಿಗೆ ತಿಳಿಯಬಾರದೆಂದು ಸಂಗತಿಯನ್ನು ಮುಚ್ಚಿಟ್ಟಿದ್ದರು. ಆ ಹುಡುಗ ದಿನವೂ ಬೆಳಗ್ಗೆ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದುದು ಕೆಲಸಕ್ಕಲ್ಲ, ಕೆಲಸ ಹುಡುಕುವುದಕ್ಕೆ.

ಸಾಯಂಕಾಲ ಬಸದಿಯಲ್ಲಿ ಸತ್ಯಧರ್ಮದ ಮೇಲೆ ಪ್ರವಚನವಾಯಿತು. ಆರತಿಯಾದ ಮೇಲೆ ನಮ್ಮ ಕಟ್ಟಡದವರೇ ಆದ ಒಬ್ಬ ಹಿರಿಯರು ಜೊತೆಯಲ್ಲಿ ನಡೆದುಬಂದರು. ನಾನು ಅವರಿಗೆ ಹೇಳಿದೆ: “ಪಾಪ, ನಮ್ಮ ಪಕ್ಕದ ಹುಡುಗನ ಕೆಲಸ ಹೋಗಿದೆಯಂತೆ. ಮಾವನವರಿಗೆ ಇನ್ನೂ ತಿಳಿಸಿಲ್ಲವಂತೆ. ಯಾರಿಗೂ ಹೇಳಬೇಡಿ.” ಅನುಕಂಪದಿಂದಲೇ ಹೇಳಿದೆನೆಂದು ಅಂದು ನಂಬಿದ್ದೆ. ಅನುಕಂಪವಿದ್ದವನು ಆ ಮನೆಯ ಬಾಗಿಲನ್ನು ತಟ್ಟುತ್ತಿದ್ದ, ದಾರಿಯಲ್ಲಿ ಮಾತಾಡುತ್ತಿರಲಿಲ್ಲ.

ಮೂರನೆಯ ದಿನ ಮನೆಯ ಮಾಲೀಕರು ಬಂದು ಬಾಡಿಗೆಯ ವಿಷಯವಾಗಿ ವಿಚಾರಿಸಿದರು. ಆ ಮಾತೂ ಗೋಡೆಯಾಚೆಯಿಂದ ಕೇಳಿಸಿತು. ನನ್ನ ಮಾತು ಎಷ್ಟು ಬಾಯಿಗಳನ್ನು ದಾಟಿ ಹೋಯಿತೋ, ಅನಂತ ಚತುರ್ದಶಿಯ ಬೆಳಗ್ಗೆ ಆ ಹೆಣ್ಣುಮಗಳ ತಂದೆ ರಾತ್ರಿಯ ಬಸ್ಸಿನಲ್ಲಿ ಹೊರಟು ಬಂದರು. “ನನಗೇಕೆ ಹೇಳಲಿಲ್ಲಮ್ಮಾ? ನಾನು ಹೊರಗಿನವರ ಬಾಯಿಂದ ಕೇಳಬೇಕಾಯಿತೇ?” ಎಂದು ಅವರು ಕೇಳುತ್ತಿದ್ದರು. “ನಾವು ಯಾರಿಗೂ ಹೇಳಿರಲಿಲ್ಲಪ್ಪ, ಯಾರಿಗೂ ಹೇಳಿರಲಿಲ್ಲ” ಎಂದು ಆಕೆ ಅಳುತ್ತಿದ್ದಳು. ಆ ಹುಡುಗನ ದನಿ ಮಾತ್ರ ಕೇಳಿಸಲೇ ಇಲ್ಲ. ಗೋಡೆಗೂ ಕಿವಿಯುಂಟು ಎಂಬ ಗಾದೆಯನ್ನು ನಾನು ನೂರಾರು ಮಕ್ಕಳಿಗೆ ಬರೆಯಿಸಿದ್ದೆ. ಆ ಕಿವಿ ನನ್ನದೇ ಆದೀತೆಂದು ಎಣಿಸಿರಲಿಲ್ಲ.

ಆಮೇಲೆ ಕ್ಷಮಾವಾಣಿ ಬಂತು. ಅಂದು ನಾವು ಬಸದಿಯಲ್ಲಿ ಎಲ್ಲರಿಗೂ ಕೈಮುಗಿಯುತ್ತೇವೆ. ಕಾಗದದಲ್ಲಿ ಅಚ್ಚುಹಾಕಿಸಿದ ಕ್ಷಮಾಯಾಚನೆಯನ್ನು ದೂರದೂರಿಗೂ ಕಳುಹಿಸುತ್ತೇವೆ. ನಾನು ಬಸದಿಗೆ ಹೋಗುವ ಮೊದಲು ಪಕ್ಕದ ಬಾಗಿಲನ್ನು ತಟ್ಟಿದೆ. ಆ ಹೆಣ್ಣುಮಗಳು ಬಂದಳು. ಹಿಂದೆ ಅವಳ ಗಂಡ ನಿಂತಿದ್ದ. ಗೋಡೆಯ ಈಚೆ ಕುಳಿತು ಕೇಳಿದವನೂ, ಹೊರಗೆ ಹೇಳಿದವನೂ ನಾನೇ ಎಂದೆ. ಫ್ಯಾನನ್ನು ನಿಲ್ಲಿಸಿದ್ದನ್ನೂ ಹೇಳಿದೆ.

ಅವಳು ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದ ಮಾತಿದು: “ಮೇಷ್ಟ್ರೇ, ನಮಗೂ ನಿಮ್ಮ ಮನೆಯದು ಕೇಳಿಸುತ್ತದೆ. ಅಮ್ಮನವರು ಹೋದ ಮೇಲೆ ರಾತ್ರಿ ನೀವು ಅವರ ಹೆಸರು ಹಿಡಿದು ಮಾತಾಡುತ್ತೀರಿ. ಅದು ನಮ್ಮ ಕಿವಿಗೆ ಬೀಳಬಾರದೆಂದು ಇವರು ಟಿ.ವಿ. ಹಾಕುತ್ತಿದ್ದರು.”

ನನ್ನ ಧರ್ಮಪತ್ನಿ 2021ರಲ್ಲಿ ತೀರಿಕೊಂಡಳು. ರಾತ್ರಿ ಅವಳ ಭಾವಚಿತ್ರದ ಮುಂದೆ ನಾನು ಮಾತನಾಡುವ ಸಂಗತಿ ನನ್ನ ಮಗನಿಗೂ ತಿಳಿದಿರಲಿಲ್ಲ. ಪಕ್ಕದ ಮನೆಯ ಟಿ.ವಿ.ಯಿಂದ ನಿದ್ರೆಗೆ ಭಂಗವಾಗುತ್ತದೆಂದು ನಿವಾಸಿಗಳ ಸಂಘದ ದೂರಿನ ಪುಸ್ತಕದಲ್ಲಿ ಎರಡು ಸಲ ಬರೆದಿದ್ದವನು ನಾನು. ಅವರು ಕಾರಣವನ್ನು ಯಾರಿಗೂ ಹೇಳದೆ ಸದ್ದನ್ನು ತಗ್ಗಿಸಿದ್ದರು.

ಇಷ್ಟು ಸಂಗತಿ. ಇನ್ನು ಶಾಸ್ತ್ರದ ಬೆಳಕಿನಲ್ಲಿ ಇದನ್ನು ವಿಚಾರ ಮಾಡೋಣ.

ಮೊದಲನೆಯ ಪ್ರಶ್ನೆ: “ಕಣ್ಣಿಗೆ ರೆಪ್ಪೆಯುಂಟು, ಕಿವಿಗಿಲ್ಲ. ಬಿದ್ದ ಮಾತನ್ನು ಕೇಳಿದರೆ ದೋಷವೇನು?” ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಹಂತಗಳನ್ನು ಹೇಳಿದೆ. ಏನೋ ಶಬ್ದ ಬಂತೆಂಬ ಗ್ರಹಣ ಅವಗ್ರಹ. ಅದು ಏನಿರಬಹುದೆಂದು ವಿಶೇಷವನ್ನು ಅರಸುವುದು ಈಹಾ. ಇಂಥದೇ ಎಂಬ ನಿಶ್ಚಯ ಅವಾಯ. ಮರೆಯದಂತೆ ಹಿಡಿದಿಡುವುದು ಧಾರಣಾ. ಇವು ಜ್ಞಾನದ ಹಂತಗಳೇ ಹೊರತು ಸ್ವತಃ ದೋಷಗಳಲ್ಲ. ದೋಷಕ್ಕೆ ಮೂಲವಾದುದು ಪ್ರಮತ್ತಯೋಗ, ಅಂದರೆ ಕಷಾಯದಿಂದ ಕೂಡಿದ ಎಚ್ಚರಗೇಡಿತನ. ಮೊದಲ ಮಾತು ಕಿವಿಗೆ ಬಿದ್ದಾಗ ನಾನು ನಿರ್ದೋಷಿ. ಫ್ಯಾನಿನ ಗುಂಡಿಗೆ ಕೈ ಹೋದಾಗ ನನ್ನ ಈಹೆಯೊಡನೆ ಔತ್ಸುಕ್ಯ ಸೇರಿತು. ಆ ಗಳಿಗೆಯಲ್ಲೇ ನನ್ನ ಉಪವಾಸ ಮುರಿಯಿತು. ಹೊಟ್ಟೆ ಮಾತ್ರ ಮರುದಿನದ ಪಾರಣೆಯವರೆಗೆ ಬರಿದಾಗಿತ್ತು.

ಎರಡನೆಯ ಪ್ರಶ್ನೆ: “ನಾನು ಹೇಳಿದ್ದು ಸುಳ್ಳಲ್ಲವಲ್ಲ?” ಈ ಸಮಾಧಾನವನ್ನು ನಾನೂ ಮಾಡಿಕೊಂಡಿದ್ದೆ. ಆದರೆ ಸೂತ್ರಕಾರರು ಅನೃತವನ್ನು ಅಸತ್ತಾದ ಮಾತೆಂದು ಲಕ್ಷಿಸಿದರು. ಅಸತ್ತೆಂದರೆ ಅಪ್ರಶಸ್ತವಾದುದೆಂದೂ, ಪ್ರಾಣಿಗಳಿಗೆ ಪೀಡೆಯನ್ನು ಉಂಟುಮಾಡುವ ಮಾತು ಇದ್ದ ವಿಷಯವನ್ನೇ ಕುರಿತಿದ್ದರೂ ಅಪ್ರಶಸ್ತವೆಂದೂ ಪೂಜ್ಯಪಾದರು ಬಿಡಿಸಿ ಹೇಳಿದ್ದಾರೆ. ಬೇಡನು ಬಂದು ಜಿಂಕೆ ಯಾವ ದಾರಿ ಹಿಡಿಯಿತೆಂದು ಕೇಳಿದಾಗ ದಾರಿ ತೋರಿಸಿದವನು ಸತ್ಯವ್ರತಿಯೆನಿಸುವುದಿಲ್ಲ.

ಸತ್ಯಾಣುವ್ರತದ ಐದು ಅತಿಚಾರಗಳನ್ನು ನೆನೆಯಿರಿ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಪಟ್ಟಿಯಲ್ಲಿ ಎರಡು ಅತಿಚಾರಗಳು ಈ ನಮ್ಮ ಕಟ್ಟಡಗಳಿಗಾಗಿಯೇ ಹೇಳಿದಂತಿವೆ. ಒಂದು ರಹೋಭ್ಯಾಖ್ಯಾನ. ಸ್ತ್ರೀಪುರುಷರ ಏಕಾಂತದ ವ್ಯವಹಾರವನ್ನು ಹೊರಗೆ ಪ್ರಕಟಪಡಿಸುವುದು. ಇನ್ನೊಂದು ಸಾಕಾರಮಂತ್ರಭೇದ. ಮುಖದ ಭಾವ, ಅಂಗವಿಕಾರ ಮುಂತಾದ ಕುರುಹುಗಳಿಂದ ಪರರ ಅಭಿಪ್ರಾಯವನ್ನು ಊಹಿಸಿ ಬಯಲುಮಾಡುವುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿವಾದವನ್ನೂ ಪೈಶುನ್ಯವನ್ನೂ, ಅಂದರೆ ನಿಂದೆಯನ್ನೂ ಚಾಡಿಯನ್ನೂ, ಇದೇ ಪಟ್ಟಿಯಲ್ಲಿ ಸೇರಿಸಿದ್ದಾರೆ. ಇವು ಸುಳ್ಳಿನ ಪ್ರಕಾರಗಳಲ್ಲ, ಬಹುಮಟ್ಟಿಗೆ ನಿಜವನ್ನೇ ಹೇಳುವ ಪ್ರಕಾರಗಳು. ಆದರೂ ಇವುಗಳಿಂದ ಕಳಂಕ ಬರುವುದು ಸತ್ಯವ್ರತಕ್ಕೇ. ಸತ್ಯವೆಂದರೆ ತಿಳಿದುದನ್ನೆಲ್ಲ ಹೇಳುವ ವ್ರತವಲ್ಲ. ಪರರ ಏಕಾಂತವನ್ನು ಕಾಯುವುದೂ ಆ ವ್ರತದ ಒಳಗಿನದೇ.

ಮೂರನೆಯ ಪ್ರಶ್ನೆ ಗಂಭೀರವಾದುದು: “ಗೋಡೆಯಾಚೆ ಹೆಂಗಸನ್ನು ಹೊಡೆಯುವ ಸದ್ದು ಕೇಳಿದರೆ, ಮಗುವಿನ ಚೀತ್ಕಾರ ಕೇಳಿದರೆ, ವ್ರತವೆಂದು ಸುಮ್ಮನಿರಬೇಕೇ?” ಸರ್ವಥಾ ಕೂಡದು. ಅಂಥ ಮೌನ ಸಂಯಮವಲ್ಲ, ಹಿಂಸೆಗೆ ಅನುಮೋದನೆ. ಕೃತ, ಕಾರಿತ, ಅನುಮೋದನೆಗಳೆಂಬ ಮೂರರಲ್ಲಿ ಅದು ಮೂರನೆಯದಾಗುತ್ತದೆ. ಒಡನೆ ಬಾಗಿಲು ತಟ್ಟಬೇಕು. ಅಗತ್ಯವಿದ್ದರೆ 112ಕ್ಕೆ ಕರೆ ಮಾಡಬೇಕು. ಮಕ್ಕಳ ವಿಷಯವಾದರೆ 1098 ಇದೆ. ಭೇದವನ್ನು ಹೀಗೆ ತಿಳಿಯಬೇಕು: ನೆರವಾಗಬಲ್ಲವನಿಗೆ ಹೇಳುವುದು ಅನುಕಂಪ, ಕೇಳಿ ರುಚಿಪಡುವವನಿಗೆ ಹೇಳುವುದು ಪೈಶುನ್ಯ. ನಾನು ಹೇಳಿದ ಹಿರಿಯರು ಆ ಹುಡುಗನಿಗೆ ಕೆಲಸ ಕೊಡಿಸಬಲ್ಲವರಾಗಿರಲಿಲ್ಲ. ನನಗೆ ಅದು ತಿಳಿದೂ ಇತ್ತು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಐದನೆಯದು ಉಪಗೂಹನ. ಜಿನಮಾರ್ಗಕ್ಕೆ ಅಜ್ಞಾನಿಗಳಿಂದ, ಅಶಕ್ತರಿಂದ ಬರುವ ಅಪವಾದವನ್ನು ಮರೆಮಾಡುವುದು ಅದರ ಮುಖ್ಯಾರ್ಥ. ಪರರ ದೋಷವನ್ನು ಬೀದಿಗೆಳೆಯದ ಸ್ವಭಾವ ಅದರ ಬೇರು. ಅದಕ್ಕೆ ದೃಷ್ಟಾಂತನಾದ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನು ನಾವೆಲ್ಲ ಬಲ್ಲೆವು. ತ್ಯಾಗಿಯ ವೇಷ ತೊಟ್ಟ ಕಳ್ಳನು ಶ್ರೇಷ್ಠಿಯ ಚೈತ್ಯಾಲಯದ ರತ್ನವನ್ನು ಕದ್ದು ಓಡುವಾಗ ಕಾವಲಿನವರ ಕೈಗೆ ಸಿಕ್ಕಿಬೀಳುವಂತಾಗುತ್ತದೆ. ಶ್ರೇಷ್ಠಿಯು “ನಾನೇ ತರಹೇಳಿದ್ದೆ” ಎಂದು ಅವನನ್ನು ಬಿಡಿಸಿ, ಆಮೇಲೆ ಏಕಾಂತದಲ್ಲಿ ಗದರಿಸಿ ಕಳುಹಿಸುತ್ತಾನೆ. ಅವನು ಮುಚ್ಚಿದ್ದು ಒಬ್ಬ ಕಳ್ಳನ ತಪ್ಪನ್ನು, ಮಾರ್ಗಕ್ಕೆ ಮಸಿ ಹತ್ತಬಾರದೆಂದು. ನಾನು ತೆರೆದದ್ದು ತಪ್ಪೇ ಅಲ್ಲದ ಒಂದು ಸಂಕಟವನ್ನು. ಕೆಲಸ ಕಳೆದುಕೊಳ್ಳುವುದು ದೋಷವಲ್ಲ. ಉಪಗೂಹನವೆಂಬ ಶಬ್ದವನ್ನೇ ಕೇಳದ ನೆರೆಯವರು ನನ್ನ ದುಃಖವನ್ನು ಎರಡು ವರ್ಷ ಕಾಪಾಡಿದರು. ಅದರ ಲಕ್ಷಣವನ್ನು ಬಾಯಿಪಾಠ ಬಲ್ಲ ನಾನು ಅವರ ದುಃಖವನ್ನು ಅರ್ಧ ದಿನವೂ ಕಾಪಾಡಲಿಲ್ಲ.

2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಇದು ನಮಗೆಲ್ಲ ಹೆಮ್ಮೆಯ ಸಂಗತಿ. ಆದರೆ ಮಧ್ಯಾಹ್ನದ ಏಕಾಂತದಲ್ಲಿ ಗೋಡೆಗೆ ಕಿವಿಯೊಡ್ಡಿದ ನೆರೆಯವನನ್ನು ಯಾವ ನ್ಯಾಯಾಲಯ ಕಂಡುಹಿಡಿದೀತು? ಅಲ್ಲಿ ಕಾಯಬೇಕಾದದ್ದು ವ್ರತವೇ.

ಇನ್ನು ಗೋಡೆಯ ಇನ್ನೊಂದು ಮಗ್ಗುಲನ್ನೂ ನೋಡಬೇಕು. ನಾವು ಕೇಳುವವರು ಮಾತ್ರವಲ್ಲ, ಸದ್ದು ಮಾಡುವವರೂ ಹೌದು. ದೇಶವ್ರತದ ಅತಿಚಾರಗಳಲ್ಲಿ ಶಬ್ದಾನುಪಾತವೆಂಬುದೊಂದಿದೆ. ತಾನು ಸಂಕಲ್ಪಿಸಿಕೊಂಡ ಎಲ್ಲೆಯೊಳಗೇ ಇದ್ದು, ಕೆಮ್ಮು ಮೊದಲಾದ ಶಬ್ದದಿಂದ ಎಲ್ಲೆಯ ಹೊರಗಿನವರಿಗೆ ಸೂಚನೆ ಕೊಡುವುದು ಎಂದು ಅದರ ಅರ್ಥ. ದೇಹ ದಾಟದಿದ್ದರೂ ಶಬ್ದ ದಾಟಿದರೆ ಎಲ್ಲೆ ದಾಟಿದಂತೆಯೇ ಎಂಬ ಸೂಕ್ಷ್ಮವನ್ನು ಆಚಾರ್ಯರು ಇಲ್ಲಿ ಕಂಡಿದ್ದಾರೆ. ಅದರಿಂದ ನಾವು ಒಂದು ಪಾಠವನ್ನು ತೆಗೆದುಕೊಳ್ಳಬಹುದು. ನಸುಕಿನಲ್ಲಿ ಮೊಬೈಲಿನ ಸ್ಪೀಕರಿನಿಂದ ಸ್ತೋತ್ರವನ್ನು ಜೋರಾಗಿ ಹಚ್ಚಿದರೆ ಅದು ನಮಗೆ ಭಕ್ತಿ, ರಾತ್ರಿಪಾಳಿ ಮುಗಿಸಿ ಆಗತಾನೆ ಮಲಗಿದ ಪಕ್ಕದವನಿಗೆ ಪೀಡೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿಯೆಂದರೆ 10ರಿಂದ ಬೆಳಗ್ಗೆ 6ರವರೆಗೆ. ಕಾನೂನಿನ ಮಿತಿಗಿಂತ ಅಹಿಂಸಾಣುವ್ರತಿಯ ಮಿತಿ ಇನ್ನೂ ಕೆಳಗಿರಬೇಕು.

ಅನುಭವದಿಂದ ನಾನು ಕಂಡುಕೊಂಡ ಕೆಲವು ನಿಯಮಗಳನ್ನು ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುವ ಶ್ರಾವಕ ಶ್ರಾವಿಕೆಯರ ಮುಂದಿಡುತ್ತೇನೆ. ಪರ್ವದಿನದಲ್ಲಿ ಸಾಮಾಯಿಕ, ಸ್ವಾಧ್ಯಾಯಗಳ ಆಸನವನ್ನು ಪರರ ಗೋಡೆಯಿಂದ ದೂರ ಹಾಕಿರಿ. ಪಕ್ಕದ ಮನೆಯ ಮಾತು ಸ್ಪಷ್ಟವಾಗುತ್ತಿದೆಯೆಂದು ತಿಳಿದೊಡನೆ ಎದ್ದು ಬೇರೆ ಕೋಣೆಗೆ ಹೋಗಿರಿ. ಹೋಗಲಾಗದಿದ್ದರೆ ಮನಸ್ಸಿನಲ್ಲಿ ಪಂಚನಮಸ್ಕಾರವನ್ನು ಎಣಿಸಿರಿ. “ಅವರ ಮನೆಯಲ್ಲಿ ಏನಂತೆ?” ಎಂದು ಮಕ್ಕಳನ್ನೂ ಮನೆಗೆಲಸದವರನ್ನೂ ಕೇಳಬೇಡಿರಿ. ಕೇಳಿದರೆ ಅದು ಕಾರಿತವಾಗುತ್ತದೆ. ಕೇಳಿದ್ದನ್ನು ಹಾಸ್ಯಕ್ಕಾಗಿಯೂ ಹೇಳಬೇಡಿರಿ. ಸತ್ಯವ್ರತದ ಐದು ಭಾವನೆಗಳಲ್ಲಿ ಹಾಸ್ಯಪ್ರತ್ಯಾಖ್ಯಾನವೂ ಒಂದು. ಕುರ್ಚಿ ಮೇಜುಗಳ ಕಾಲಿಗೆ ರಬ್ಬರಿನ ಬಿಲ್ಲೆಯನ್ನು ಹಾಕಿರಿ, ಬಾಗಿಲ ಸಂದನ್ನು ಮುಚ್ಚಿರಿ. ನಿಮ್ಮ ಮನೆಯ ಮಾತು ಎಷ್ಟು ಕೇಳಿಸುತ್ತದೆಂದು ನೆರೆಯವರನ್ನು ಸಂಕೋಚವಿಲ್ಲದೆ ಕೇಳಿ ತಿಳಿದುಕೊಳ್ಳಿರಿ. ಸಾಯಂಕಾಲದ ಪ್ರತಿಕ್ರಮಣದಲ್ಲಿ ನಾಲಗೆಯ ಲೆಕ್ಕದೊಡನೆ ಕಿವಿಯ ಲೆಕ್ಕವನ್ನೂ ಒಪ್ಪಿಸಿರಿ. ಮಾತು ಆಗಲೇ ಹೊರಗೆ ಹೋಗಿದ್ದರೆ ಭಗವಂತನ ಮುಂದೆ ಮಾತ್ರವಲ್ಲ, ಆ ಮನೆಯ ಬಾಗಿಲಲ್ಲಿ ಕ್ಷಮೆ ಕೇಳಿರಿ.

ಕೊನೆಯ ನಿಯಮ ಎಲ್ಲಕ್ಕಿಂತ ಕಷ್ಟದ್ದು. ನಾನು ಆ ಬಾಗಿಲಲ್ಲಿ ನಿಂತ ಮಾತ್ರಕ್ಕೆ ಆಡಿದ ಮಾತು ಹಿಂದಕ್ಕೆ ಬರಲಿಲ್ಲ. ಆ ತಂದೆಯ ಮನಸ್ಸಿಗೆ ಆದ ನೋವನ್ನು ತೆಗೆಯಲು ನನ್ನಿಂದಾಗಲಿಲ್ಲ. ಬಂಧವಾದ ಕರ್ಮವನ್ನು ನಾನೇ ಅನುಭವಿಸಬೇಕು.

ಆ ದಂಪತಿ ಈಗಲೂ ನಮ್ಮ ನೆರೆಯಲ್ಲಿದ್ದಾರೆ. ಗೋಡೆ ಅಂದಿನಷ್ಟೇ ತೆಳುವಾಗಿದೆ. ನನ್ನ ಮಂಚವನ್ನು ಎದುರಿನ ಗೋಡೆಗೆ ಸರಿಸಿದ್ದೇನೆ. ದೂರಿನ ಪುಸ್ತಕದಲ್ಲಿ ನಾನು ಬರೆದಿದ್ದ ಎರಡು ದೂರುಗಳ ಕೆಳಗೆ, ಇವನ್ನು ಹಿಂತೆಗೆದುಕೊಂಡಿದ್ದೇನೆಂದು ಬರೆದು ಸಹಿ ಹಾಕಿದ್ದೇನೆ. ಪಕ್ಕದಿಂದ ಮಾತು ಕೇಳಿಸತೊಡಗಿದರೆ ಎದ್ದುಹೋಗಿ ಫ್ಯಾನನ್ನು ಹಚ್ಚುತ್ತೇನೆ. ಚಳಿಗಾಲದಲ್ಲಿಯೂ ಹಚ್ಚುತ್ತೇನೆ. ಮೊಮ್ಮಗನು ಕಾರಣ ಕೇಳಿದಾಗ, “ಅಜ್ಜನ ಕಿವಿಗೆ ಇಂದು ಉಪವಾಸ” ಎಂದು ಹೇಳಿದೆ. ಅವನು ನಕ್ಕ.

ಬರುವ ಚತುರ್ದಶಿಯಂದು ನೀವೂ ಉಪವಾಸದ ಸಂಕಲ್ಪ ಮಾಡುವಾಗ ಕಿವಿಯನ್ನೂ ಅದರಲ್ಲಿ ಸೇರಿಸಿಕೊಳ್ಳಿರೆಂದು ಪ್ರಾರ್ಥಿಸುತ್ತೇನೆ. ಈ ಬರಹದಲ್ಲಿ ಆಗಮಕ್ಕೆ ವಿರುದ್ಧವಾದ ಮಾತೇನಾದರೂ ಬಂದಿದ್ದರೆ ಬಲ್ಲವರು ತಿದ್ದಬೇಕು, ಕ್ಷಮಿಸಬೇಕು.